ಹೊಟ್ಟೆಯ ಮಾತು, ವೈದ್ಯರ ಚೀಟಿ

ಕೂಡ್ಲಿಗಿಯಿಂದಾಗಲಿ ಹಗರಿಬೊಮ್ಮನಹಳ್ಳಿಯಿಂದಾಗಲಿ ಹೊಟ್ಟೆನೋವೆಂದು ಹೊರಟವನು ತಾಲ್ಲೂಕು ಆಸ್ಪತ್ರೆಯಲ್ಲಿ ಗುಣ ಕಾಣದೆಹೋದರೆ ಹೊಸಪೇಟೆಗೂ, ಅಲ್ಲಿಂದ ಮುಂದೆ ಬಳ್ಳಾರಿಯಲ್ಲಿ ಜನ ವಿಮ್ಸ್ ಎಂದು ಕರೆಯುವ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೂ ಹೋಗುವನು; ಹರಪನಹಳ್ಳಿ, ಕೊಟ್ಟೂರುಗಳ ಜನ ಬಹುಮಟ್ಟಿಗೆ ದಾವಣಗೆರೆಯ ದಾರಿ ಹಿಡಿಯುವರು; ಹೂವಿನಹಡಗಲಿಯವರು ತಮ್ಮ ಊರು ಯಾವ ಹಾದಿಗೆ ಸಮೀಪವೋ ಅದನ್ನು ನೋಡಿ, ಒಮ್ಮೊಮ್ಮೆ ತುಂಗಭದ್ರೆಯನ್ನು ದಾಟಿ ಗದಗ, ಹಾವೇರಿಗಳಿಗೂ ಹೋಗಿಬರುವರು. 2021ರಲ್ಲಿ ಈ ಐದು ತಾಲ್ಲೂಕುಗಳೂ ಹೊಸಪೇಟೆಯೊಡನೆ ಸೇರಿ ವಿಜಯನಗರವೆಂಬ ಒಂದೇ ಜಿಲ್ಲೆಯಾದವಾದರೂ ರೋಗಿಗಳ ದಾರಿಗಳು ಮಾತ್ರ ಹಿಂದಿನಂತೆಯೇ ಉಳಿದುಕೊಂಡಿವೆ. ಎತ್ತ ಹೋಗಿ ಬಂದರೂ ಕೊನೆಗೆ ಕೈಯಲ್ಲಿ ಉಳಿಯುವುದು ಒಂದೇ ಬಗೆಯ ಸಾಮಗ್ರಿ: ಪ್ಲಾಸ್ಟಿಕ್ ಚೀಲದಲ್ಲಿ ಮಡಿಸಿಟ್ಟ ಸ್ಕ್ಯಾನಿಂಗ್ ವರದಿ, ರಕ್ತಪರೀಕ್ಷೆಯ ಹಾಳೆ, ಔಷಧದ ಚೀಟಿ, ಡಿಸ್ಚಾರ್ಜ್ ಕಾಗದ. ಇವೆಲ್ಲವೂ ಇಂಗ್ಲಿಷಿನಲ್ಲಿರುತ್ತವೆ ಎನ್ನುವುದು ಅರ್ಧ ಸತ್ಯ. ಆ ಇಂಗ್ಲಿಷಿನ ಒಳಗೆ ತುಂಬಿರುವುದು ಗ್ರೀಕ್ ಮತ್ತು ಲ್ಯಾಟಿನ್ ಶಬ್ದಗಳಾದುದರಿಂದ ಬಿ.ಎ. ಓದಿದ ಮಗನೂ ಅವನ್ನು ಮನೆಯವರಿಗೆ ಓದಿ ಹೇಳಲಾರದೆ ತಬ್ಬಿಬ್ಬಾಗುವುದುಂಟು.

ಈ ಲೇಖನದ ಉದ್ದೇಶ ಎರಡು. ಜೀರ್ಣಾಂಗಗಳಿಗೆ ಸಂಬಂಧಪಟ್ಟ ವೈದ್ಯಶಬ್ದಗಳಲ್ಲಿ ನಮ್ಮ ಕಡೆಯ ರೋಗಿಯ ಕೈಗೆ ಮತ್ತೆ ಮತ್ತೆ ಬರತಕ್ಕವನ್ನು ಬಿಡಿಸಿ ತೋರಿಸುವುದು ಒಂದು. ವೈದ್ಯರ ಮುಂದೆ ಕುಳಿತಾಗ ಆ ಶಬ್ದಗಳನ್ನು ನಾವು ಆಡಬೇಕಾದುದಿಲ್ಲವೆಂದೂ, ನಮ್ಮ ಸ್ವಂತ ಮಾತೇ ಅಲ್ಲಿ ಹೆಚ್ಚು ಬೆಲೆಯುಳ್ಳದ್ದೆಂದೂ ಹೇಳುವುದು ಇನ್ನೊಂದು. ಕಾಗದವನ್ನು ಓದುವುದಕ್ಕೆ ಲ್ಯಾಟಿನ್ ಬೇಕು, ನೋವನ್ನು ಹೇಳುವುದಕ್ಕೆ ಕನ್ನಡವೇ ಸಾಕು. ಕನ್ನಡಕ್ಕೆ ವೈದ್ಯವಿಷಯ ಹೊಸದೇನೂ ಅಲ್ಲ, ಹನ್ನೆರಡನೆಯ ಶತಮಾನದಲ್ಲಿಯೇ ಜಗದ್ದಳ ಸೋಮನಾಥನು ‘ಕರ್ಣಾಟಕ ಕಲ್ಯಾಣಕಾರಕ’ವನ್ನು ರಚಿಸಿದನು, ನಮ್ಮ ಕಾಲಕ್ಕೆ ಬಂದರೆ ಡಾ. ಡಿ. ಎಸ್. ಶಿವಪ್ಪನವರು ವೈದ್ಯಕೀಯ ಪದಗಳ ಹುಟ್ಟು ಮತ್ತು ರಚನೆಗಳನ್ನು ಕುರಿತು ಒಂದು ಗ್ರಂಥವನ್ನೇ ಬರೆದಿದ್ದಾರೆ.

ಮೊದಲು ಹೊಟ್ಟೆಯೆಂಬ ಶಬ್ದವನ್ನೇ ನೋಡೋಣ. ಪಕ್ಕೆಲುಬಿನ ಕೆಳಗಿನಿಂದ ತೊಡೆಯ ಸಂದಿನವರೆಗಿನ ಸಮಸ್ತ ಪ್ರದೇಶವನ್ನೂ ನಾವು ಹೊಟ್ಟೆಯೆನ್ನುತ್ತೇವೆ; ಉಂಡ ಅನ್ನ ಮೊದಲು ಹೋಗಿ ಸೇರುವ ಚೀಲವನ್ನೂ ಹೊಟ್ಟೆಯೆನ್ನುತ್ತೇವೆ; ಕೂಸು ಬೆಳೆಯುವ ಗರ್ಭಕೋಶವೂ ಆಡುಮಾತಿನಲ್ಲಿ ಹೊಟ್ಟೆಯೇ. ವೈದ್ಯರಿಗೆ ಇವು ಮೂರೂ ಬೇರೆ ಬೇರೆ. ಮೊದಲನೆಯದು ಉದರ, ಅವರ ಕಾಗದದಲ್ಲಿ ‘ಅಬ್ಡೊಮೆನ್’, ಎರಡನೆಯದು ಜಠರ, ಅವರ ‘ಸ್ಟಮಕ್’, ಮೂರನೆಯದು ‘ಯುಟೆರಸ್’. ಹೀಗಿರುವುದರಿಂದ ‘ಹೊಟ್ಟಿ ನೋಯಾಕ ಹತ್ತೈತ್ರೀ’ ಎಂದಷ್ಟೇ ಹೇಳಿ ಸುಮ್ಮನಾದ ಹೆಣ್ಣುಮಗಳಿಗೆ ವೈದ್ಯರು ಮುಟ್ಟಿನ ದಿನ ಕೇಳಿದರೆ ಆಕೆಯ ಜೊತೆಗೆ ಬಂದವರು ಸಿಡಿಮಿಡಿಗೊಳ್ಳಬೇಕಾದುದಿಲ್ಲ. ಉದರದೊಳಗೆ ಜೀರ್ಣಾಂಗಗಳಲ್ಲದೆ ಮೂತ್ರಪಿಂಡಗಳೂ ಗರ್ಭಕೋಶವೂ ಇರುವುದರಿಂದ ಆ ಪ್ರಶ್ನೆ ಕೇಳುವುದು ಅವರ ಕರ್ತವ್ಯ. ಬೆರಳನ್ನು ನೋವಿರುವ ಜಾಗದ ಮೇಲಿಟ್ಟು ‘ಇಲ್ಲಿ’ ಎಂದು ತೋರಿಸುವುದೇ ಎಲ್ಲ ಶಬ್ದಗಳಿಗಿಂತ ಮೇಲಾದ ಶಬ್ದ.

ಆ ಬೆರಳಿಗೆ ದಾರಿ ಗೊತ್ತಿದ್ದರೆ ಒಳ್ಳೆಯದು. ಬಾಯಿಂದ ಹೊರಟ ತುತ್ತು ಸುಮಾರು 25 ಸೆಂಟಿಮೀಟರ್ ಉದ್ದದ ಅನ್ನನಾಳದ ಮೂಲಕ ಎದೆಯ ನಡುವೆ ಇಳಿದು ಜಠರವನ್ನು ಸೇರುತ್ತದೆ; ಜಠರವಿರುವುದು ಹೊಕ್ಕುಳಿನ ಸುತ್ತಲ್ಲ, ಅದಕ್ಕೆ ಮೇಲೆ, ಎದೆಗೂಡಿನ ಕುಳಿಯ ಕೆಳಗೆ ತುಸು ಎಡಕ್ಕೆ. ಅಲ್ಲಿಂದ ಮುಂದೆ ಸಣ್ಣ ಕರುಳು. ಹೆಸರಿಗೆ ಸಣ್ಣದಾದರೂ ಇದರ ಉದ್ದ ಹೆಚ್ಚುಕಡಿಮೆ ಆರು ಮೀಟರು. ದೊಡ್ಡ ಕರುಳು ಒಂದೂವರೆ ಮೀಟರು ಮಾತ್ರ. ಸಣ್ಣದು ದೊಡ್ಡದು ಎಂದಿರುವುದು ಅಗಲದ ಲೆಕ್ಕದಲ್ಲಿ. ಸಣ್ಣ ಕರುಳಿನ ಮೊದಲ ಭಾಗಕ್ಕೆ ‘ಡ್ಯುಯೊಡಿನಂ’ ಎಂದು ಹೆಸರು. ಲ್ಯಾಟಿನಿನಲ್ಲಿ ಹನ್ನೆರಡು ಎಂದರ್ಥ. ಹನ್ನೆರಡು ಬೆರಳಗಲದ ಉದ್ದವೆಂದು ಪ್ರಾಚೀನರು ಅಳೆದು ಇಟ್ಟ ಈ ಹೆಸರನ್ನು ಕಂಡು, ನಮ್ಮ ಹಿರಿಯರು ಗೇಣು, ಮೊಳಗಳಲ್ಲಿ ಅಳೆಯುತ್ತಿದ್ದುದನ್ನು ಹಳ್ಳಿಗಾಡಿನ ಲೆಕ್ಕವೆಂದು ನಗುವವರು ಸ್ವಲ್ಪ ಯೋಚಿಸಬಹುದು. ಬಲಪಕ್ಕೆಯ ಕೆಳಗೆ ಯಕೃತ್ತು, ಅಂದರೆ ಪಿತ್ತಜನಕಾಂಗ, ಎಲ್ಲರೂ ಹೇಳುವ ‘ಲಿವರ್’. ಒಂದೂವರೆ ಕಿಲೋಗ್ರಾಮಿನಷ್ಟು ತೂಗುವ ಇದರ ಅಡಿಯಲ್ಲಿ ಅಂಟಿಕೊಂಡಿರುವ ಪುಟ್ಟ ಚೀಲ ಪಿತ್ತಕೋಶ, ‘ಗಾಲ್ ಬ್ಲ್ಯಾಡರ್’. ಜಠರದ ಹಿಂದೆ ಬೆನ್ನೆಲುಬಿಗೆ ಸಮೀಪವಾಗಿ ಅಡ್ಡಲಾಗಿ ಮಲಗಿರುವುದು ಮೇದೋಜೀರಕಗ್ರಂಥಿ, ‘ಪ್ಯಾಂಕ್ರಿಯಾಸ್’. ಎಡಪಕ್ಕೆಯೊಳಗೆ ಗುಲ್ಮ, ‘ಸ್ಪ್ಲೀನ್’. ಇದು ಜೀರ್ಣಕ್ಕೆ ಸೇರಿದ್ದಲ್ಲವಾದರೂ ಹೊಟ್ಟೆಯ ಸ್ಕ್ಯಾನಿಂಗಿನಲ್ಲಿ ತಪ್ಪದೆ ಬರುತ್ತದೆ. ಬಲತೊಡೆಯ ಸಂದಿಗಿಂತ ಸ್ವಲ್ಪ ಮೇಲೆ, ದೊಡ್ಡ ಕರುಳಿನ ಆರಂಭದಲ್ಲಿ ನೇತಾಡುವ ಬಾಲ ‘ಅಪೆಂಡಿಕ್ಸ್’.

ಈ ನಕ್ಷೆಯಿಂದ ಪ್ರಯೋಜನವೇನೆಂದರೆ, ನೋವು ಹುಟ್ಟಿದ ಜಾಗ, ಅದು ಸರಿದ ದಾರಿ ಇವೆರಡರಿಂದಲೇ ಅನುಭವಿ ವೈದ್ಯರು ಬಹಳಷ್ಟು ರೋಗಗಳನ್ನು ಊಹಿಸಬಲ್ಲರು. ಹೊಕ್ಕುಳಿನ ಸುತ್ತ ಆರಂಭವಾದ ನೋವು ಕೆಲವು ಗಂಟೆಗಳಲ್ಲಿ ಬಲಗಡೆ ಕೆಳಗೆ ಇಳಿದು ನಿಂತರೆ ಅಪೆಂಡಿಕ್ಸಿನ ಶಂಕೆ. ಎಣ್ಣೆಯ ಊಟವಾದ ಮೇಲೆ ಬಲಪಕ್ಕೆಯ ಕೆಳಗೆ ಹಿಡಿದು ಬಲಭುಜದವರೆಗೆ ಹಬ್ಬಿದರೆ ಪಿತ್ತಕೋಶದ ಕಲ್ಲಿನ ಶಂಕೆ. ಎದೆಗೂಡಿನ ಕುಳಿಯಲ್ಲಿ ಎದ್ದು ಬೆನ್ನಿಗೆ ಇರಿದಂತಾಗಿ, ಮುಂದಕ್ಕೆ ಬಾಗಿ ಕುಳಿತರೆ ಅಷ್ಟಿಷ್ಟು ಶಮನವಾದರೆ ಮೇದೋಜೀರಕದ ಶಂಕೆ. ಕುಡಿತವೂ ಪಿತ್ತದ ಕಲ್ಲುಗಳೂ ಇದಕ್ಕೆ ಮುಖ್ಯ ಕಾರಣಗಳಾದುದರಿಂದ ವೈದ್ಯರು ಕುಡಿತದ ವಿಚಾರ ಕೇಳಿದಾಗ ಮರೆಮಾಚಿ ಲಾಭವಿಲ್ಲ.

ಜಾಗವಾದ ಮೇಲೆ ನೋವಿನ ಬಗೆ. ಇಲ್ಲಿ ನಮ್ಮ ನಾಡಿನ ಆಡುಮಾತು ಎಷ್ಟು ಸಂಪನ್ನವಾಗಿದೆಯೆಂದರೆ, ಅದನ್ನು ಬಿಟ್ಟು ಎರವಲು ಶಬ್ದಕ್ಕೆ ಕೈಚಾಚುವುದು ಇದ್ದ ಬುತ್ತಿಯನ್ನು ಕಟ್ಟಿಟ್ಟು ಪರರ ಮನೆಯ ಬಾಗಿಲಲ್ಲಿ ನಿಂತಂತೆ. ಹೊಟ್ಟೆ ಕಡಿಯುತ್ತದೆ, ಮುರಿಯುತ್ತದೆ, ನುಲಿಯುತ್ತದೆ, ಚುಚ್ಚುತ್ತದೆ, ಉರಿಯುತ್ತದೆ, ಉಬ್ಬರಿಸುತ್ತದೆ, ತೊಳಸುತ್ತದೆ, ಜಾಡಿಸುತ್ತದೆ. ಇವು ಒಂದರ ಬದಲು ಇನ್ನೊಂದನ್ನು ಹಾಕಬಹುದಾದ ಶಬ್ದಗಳಲ್ಲ. ಬಂದು ಬಂದು ಹೋಗುವ ನುಲಿತ ವೈದ್ಯರ ‘ಕಾಲಿಕ್’. ಟೊಳ್ಳು ನಾಳವೊಂದು ಅಡ್ಡಿಯನ್ನು ನೂಕಲು ಹೆಣಗುತ್ತಿದೆಯೆಂಬುದರ ಸೂಚನೆ. ತೊಳಸುವುದು ‘ನಾಸಿಯಾ’, ವಾಂತಿಗೆ ಮೊದಲಿನ ಸಂಕಟ. ಜಾಡಿಸುವುದು ‘ಡಯೇರಿಯಾ’, ಆಸ್ಪತ್ರೆಯ ಹರಕು ಇಂಗ್ಲಿಷಿನ ‘ಲೂಸ್ ಮೋಷನ್’. ಉಬ್ಬರ ‘ಡಿಸ್ಟೆನ್ಷನ್’ ಅಥವಾ ‘ಬ್ಲೋಟಿಂಗ್’. ಹುಳಿತೇಗಿನೊಡನೆ ಎದೆ ಉರಿಯುವುದು ‘ಹಾರ್ಟ್‌ಬರ್ನ್’. ಹೆಸರಿನಲ್ಲಿ ಹೃದಯವಿದ್ದರೂ ಉರಿಯುವುದು ಅನ್ನನಾಳ, ಜಠರದ ಆಮ್ಲ ಮೇಲಕ್ಕೆ ಬಂದು ಉರಿಸುವುದನ್ನೇ ‘ರಿಫ್ಲಕ್ಸ್’ ಎಂದು ಬರೆಯುವರು. ನುಲಿತದಿಂದ ನರಳುವವನು ಹಾಸಿಗೆಯ ಮೇಲೆ ಹೊರಳಾಡುತ್ತಾನೆ. ಆದರೆ ಉದರದ ಒಳಪೊರೆಯೇ ಕೆರಳಿ ‘ಪೆರಿಟೊನೈಟಿಸ್’ ಆದವನು ಅಲುಗಿದರೆ ನೋವೆಂದು ಕಲ್ಲಿನಂತೆ ಬಿದ್ದುಕೊಂಡಿರುತ್ತಾನೆ. ಮನೆಯವರು ಈ ಎರಡನ್ನೂ ಸರಿಯಾಗಿ ಕಂಡು ಹೇಳಿದರೆ, ರಾತ್ರಿ ಹನ್ನೊಂದರ ವೇಳೆಯಲ್ಲಿ ಒಬ್ಬರೇ ಇರುವ ಕರ್ತವ್ಯನಿರತ ವೈದ್ಯರಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಮಲದ ಸಂಗತಿಯನ್ನು ಹೇಳಲು ನಮ್ಮವರು, ವಿಶೇಷವಾಗಿ ಹೆಣ್ಣುಮಕ್ಕಳು, ನಾಚುತ್ತಾರೆ. ಎಷ್ಟು ಸಲ, ಯಾವ ಬಣ್ಣ, ತೆಳುವೋ ಗಟ್ಟಿಯೋ, ಲೋಳೆಯುಂಟೋ ರಕ್ತವುಂಟೋ ಎಂಬುದನ್ನು ತಿಳಿಯದೆ ಜೀರ್ಣಾಂಗದ ಚಿಕಿತ್ಸೆಯೇ ಸಾಗುವುದಿಲ್ಲ. ‘ಸ್ಟೂಲ್ ಟೆಸ್ಟ್’ ಎಂದರೆ ಆ ಮಲದ ಪರೀಕ್ಷೆಯೇ ಹೊರತು ಕೂರುವ ಮಣೆಗೆ ಸಂಬಂಧಪಟ್ಟುದಲ್ಲ.

ಇನ್ನು ಓದುವ ಕೆಲಸ. ವೈದ್ಯಶಬ್ದಗಳು ಉದ್ದವಾಗಿ ಕಂಡರೂ ಅವು ಸಮಾಸಗಳು; ನಮ್ಮ ಕನ್ನಡ ಪಂಡಿತರು ತರಗತಿಯಲ್ಲಿ ಸಮಾಸವನ್ನು ವಿಗ್ರಹಿಸಿದಂತೆ ಇವನ್ನೂ ವಿಗ್ರಹಿಸಬಹುದು. ಪೂರ್ವಪದ ಅಂಗವನ್ನು ಹೇಳುತ್ತದೆ, ಉತ್ತರಪದ ಆ ಅಂಗಕ್ಕೆ ಆದುದನ್ನೋ ಅದಕ್ಕೆ ಮಾಡಿದುದನ್ನೋ ಹೇಳುತ್ತದೆ. ‘ಗ್ಯಾಸ್ಟ್ರೋ’ ಎಂದರೆ ಜಠರ, ‘ಎಂಟರೋ’ ಎಂದರೆ ಕರುಳು, ‘ಕೊಲೊ’ ಎಂದರೆ ದೊಡ್ಡ ಕರುಳು, ‘ಹೆಪಟೋ’ ಎಂದರೆ ಯಕೃತ್ತು, ‘ಕೋಲೆ’ ಎಂದರೆ ಪಿತ್ತರಸ, ‘ಕೋಲೆಸಿಸ್ಟ್’ ಎಂದರೆ ಪಿತ್ತದ ಚೀಲ. ಇವುಗಳ ಬಾಲಕ್ಕೆ ‘ಐಟಿಸ್’ ಬಂದರೆ ಆ ಅಂಗ ಕೆರಳಿ ಉರಿಯೂತಗೊಂಡಿದೆಯೆಂದು ತಿಳಿಯತಕ್ಕದ್ದು: ಗ್ಯಾಸ್ಟ್ರೈಟಿಸ್, ಕೊಲೈಟಿಸ್, ಹೆಪಟೈಟಿಸ್, ಅಪೆಂಡಿಸೈಟಿಸ್, ಪ್ಯಾಂಕ್ರಿಯಾಟೈಟಿಸ್. ‘ಮೆಗಲಿ’ ಬಂದರೆ ಅಂಗ ಹಿಗ್ಗಿದೆ: ಹೆಪಟೋಮೆಗಲಿ, ಸ್ಪ್ಲೀನೋಮೆಗಲಿ. ಮಲೇರಿಯಾ, ಟೈಫಾಯ್ಡ್‌ಗಳಲ್ಲಿ ಗುಲ್ಮ ಹಿಗ್ಗುವುದು ಸಾಮಾನ್ಯ. ‘ಲಿಥಿಯಾಸಿಸ್’ ಎಂದರೆ ಕಲ್ಲುಗಳಿರುವಿಕೆ; ಕೋಲೆಲಿಥಿಯಾಸಿಸ್ ಎಂದರೆ ಪಿತ್ತಕೋಶದ ಕಲ್ಲು, ಅದು ಯೂರೋಲಿಥಿಯಾಸಿಸ್ ಎಂಬ ಮೂತ್ರದ ಕಲ್ಲಲ್ಲ. ಬಾಳೆದಿಂಡಿನ ರಸ ಕುಡಿದು ಪಿತ್ತದ ಕಲ್ಲು ಕರಗೀತೆಂದು ಕಾಯುವವರು ಈ ಎರಡು ಶಬ್ದಗಳ ಅಂತರವನ್ನು ಗಮನಿಸಬೇಕು. ಮೂತ್ರದ ಚಿಕ್ಕ ಕಲ್ಲು ನೀರಿನೊಡನೆ ಜಾರಿ ಹೋಗಬಹುದು, ಪಿತ್ತಕೋಶದ ಕಲ್ಲಿಗೆ ಆ ಹೊರದಾರಿಯಿಲ್ಲ.

ಶಸ್ತ್ರಕ್ರಿಯೆಯ ಬಾಲಗಳಲ್ಲಿ ಮೂರನ್ನು ಬೆರೆಸಿಕೊಳ್ಳದಂತೆ ಎಚ್ಚರವಿರಬೇಕು. ‘ಎಕ್ಟಮಿ’ ಎಂದರೆ ಅಂಗವನ್ನು ತೆಗೆದುಹಾಕುವುದು, ಅಪೆಂಡಿಸೆಕ್ಟಮಿ, ಕೋಲೆಸಿಸ್ಟೆಕ್ಟಮಿ. ‘ಆಸ್ಟಮಿ’ ಎಂದರೆ ಬಾಯಿ ಮಾಡಿ ಬಿಡುವುದು. ಕೊಲೊಸ್ಟಮಿಯಲ್ಲಿ ದೊಡ್ಡ ಕರುಳನ್ನು ಹೊಟ್ಟೆಯ ಗೋಡೆಗೆ ತಂದು ತೆರೆದು ಮಲವನ್ನು ಚೀಲಕ್ಕೆ ಬಿಡುವರು, ಕೆಲವರಿಗೆ ಇದು ತಾತ್ಕಾಲಿಕ, ಕೆಲವರಿಗೆ ಶಾಶ್ವತ. ಸಹಿ ಹಾಕುವ ಮುನ್ನ ಇವೆರಡರಲ್ಲಿ ಯಾವುದೆಂದು ಕೇಳುವ ಹಕ್ಕು ಪ್ರತಿಯೊಬ್ಬನಿಗೂ ಉಂಟು. ‘ಸ್ಕೋಪಿ’ ಎಂದರೆ ನೋಡುವುದು ಮಾತ್ರ. ಬಾಯಿಂದ ನಳಿಕೆಯಿಳಿಸಿ ನೋಡಿದರೆ ಎಂಡೋಸ್ಕೋಪಿ, ಗುದದ್ವಾರದಿಂದ ನೋಡಿದರೆ ಕೊಲೊನೋಸ್ಕೋಪಿ, ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ನೋಡಿದರೆ ಲ್ಯಾಪರೋಸ್ಕೋಪಿ. ಎಂಡೋಸ್ಕೋಪಿಯೆಂದೊಡನೆ ‘ಆಪರೇಷನ್’ ಎಂದು ಮನೆಮಂದಿಯೆಲ್ಲ ಅಳುವುದು ವ್ಯರ್ಥ. ಒಂದು ಅಪವಾದವನ್ನೂ ಹೇಳಿಬಿಡುತ್ತೇನೆ: ‘ಅಸೈಟಿಸ್’ ಎಂಬಲ್ಲಿ ಕೇಳಿಸುವ ಬಾಲ ಉರಿಯೂತದ ಬಾಲವಲ್ಲ. ಅದು ಗ್ರೀಕಿನ ತೊಗಲುಚೀಲದಿಂದ ಬಂದ ಶಬ್ದ. ಉದರದಲ್ಲಿ ನೀರು ತುಂಬುವ ನಮ್ಮ ಜಲೋದರವೇ ಅದು, ಬಹುಮಟ್ಟಿಗೆ ಯಕೃತ್ತು ಗಡುಸಾಗಿ ‘ಸಿರೋಸಿಸ್’ ಆದುದರ ಫಲ.

ಸ್ಕ್ಯಾನಿಂಗ್ ವರದಿಯನ್ನು ಕೈಗೆ ತೆಗೆದುಕೊಳ್ಳೋಣ. ‘ಯು.ಎಸ್.ಜಿ. ಅಬ್ಡೊಮೆನ್’ ಎಂದು ಮೇಲೆ ಬರೆದಿರುವ ಇದಕ್ಕೆ ಹೋಗುವಾಗ ಆರರಿಂದ ಎಂಟು ಗಂಟೆ ಉಪವಾಸವಿರಬೇಕೆಂದು ಹೇಳುವುದುಂಟು. ಕಾರಣವೇನೆಂದರೆ ಉಂಡೊಡನೆ ಪಿತ್ತಕೋಶ ಮುದುಡಿ ತನ್ನೊಳಗಿನ ಪಿತ್ತರಸವನ್ನು ಕರುಳಿಗೆ ಹರಿಸಿಬಿಡುವುದರಿಂದ ಒಳಗಿನ ಕಲ್ಲು ಕಾಣದೆ ಹೋಗಬಹುದು. ನಸುಕಿನ ಬಸ್ಸಿಗೆ ಹೊರಟು, ದಾರಿಯಲ್ಲಿ ಹಸಿವೆಂದು ಬಸ್ ನಿಲ್ದಾಣದ ಹೋಟೆಲಿನಲ್ಲಿ ಒಗ್ಗರಣೆ-ಮಿರ್ಚಿ ತಿಂದು ಸ್ಕ್ಯಾನಿಂಗ್ ಕೇಂದ್ರಕ್ಕೆ ಹೋದವನು ಮರುದಿನ ಮತ್ತೆ ಬರಬೇಕಾಗುವುದು ಇದರಿಂದಲೇ. ವರದಿಯಲ್ಲಿ ‘ಗಾಲ್ ಬ್ಲ್ಯಾಡರ್ ವೆಲ್ ಡಿಸ್ಟೆಂಡೆಡ್’ ಎಂದು ಬರೆದಿರುತ್ತದೆ. ಡಿಸ್ಟೆನ್ಷನ್ ಎಂದರೆ ಉಬ್ಬರವೆಂದು ಮೇಲೆ ಓದಿದ ವಾಚಕರು ಇಲ್ಲಿ ಗಾಬರಿಯಾಗಬಾರದು. ಉಪವಾಸದಿಂದ ಪಿತ್ತಕೋಶ ಚೆನ್ನಾಗಿ ತುಂಬಿಕೊಂಡಿದೆ, ನೋಡಲು ಅನುಕೂಲವಾಗಿದೆ ಎಂಬುದಷ್ಟೇ ಅದರ ತಾತ್ಪರ್ಯ. ‘ನೋ ಎವಿಡೆನ್ಸ್ ಆಫ್ ಕ್ಯಾಲ್ಕ್ಯುಲೈ’ ಎಂದಿದ್ದರೆ ಕಲ್ಲುಗಳು ಕಾಣಲಿಲ್ಲವೆಂದರ್ಥ; ‘ಕ್ಯಾಲ್ಕ್ಯುಲೈ’ ಎಂಬ ಒಂದೇ ಶಬ್ದವನ್ನು ಹಿಡಿದು, ಹಿಂದಿನ ‘ನೋ’ವನ್ನು ಬಿಟ್ಟು, ಕಲ್ಲಿದೆಯೆಂದು ಊರೆಲ್ಲ ಹೇಳಿಕೊಂಡವರು ಇದ್ದಾರೆ. ‘ಸಿ.ಬಿ.ಡಿ.’ ಎಂಬುದು ಪಿತ್ತವನ್ನು ಕರುಳಿಗೊಯ್ಯುವ ಮುಖ್ಯ ನಾಳ; ಅದರ ಅಗಲ ಸಾಮಾನ್ಯವಾಗಿ ಆರು ಮಿಲಿಮೀಟರಿನೊಳಗಿರುತ್ತದೆ, ಅದಕ್ಕಿಂತ ಹಿಗ್ಗಿ ‘ಡೈಲೇಟೆಡ್’ ಎಂದು ಬರೆದಿದ್ದರೆ ಮುಂದೆಲ್ಲೋ ಅಡ್ಡಿಯುಂಟೋ ಎಂದು ನೋಡಬೇಕಾಗುತ್ತದೆ. ‘ಎಕೋಟೆಕ್ಸ್ಚರ್’ ಎಂದರೆ ಶಬ್ದತರಂಗ ಮರಳಿ ಬಂದ ರೀತಿಯಿಂದ ಕಂಡ ಅಂಗದ ಹದ. ಯಕೃತ್ತಿನಲ್ಲಿ ಅದು ಹೆಚ್ಚು ಬೆಳ್ಳಗೆ ಕಂಡರೆ ‘ಫ್ಯಾಟಿ ಲಿವರ್, ಗ್ರೇಡ್ 1’ ಎಂದು ಬರೆಯುವರು. ಇದು ಈಗ ನಮ್ಮ ಊರುಗಳಲ್ಲಿಯೂ ವಿಪುಲವಾಗಿ ಕಾಣುವ ಬರಹ. ತೂಕ ಇಳಿಸಿ, ಸಕ್ಕರೆ ಕಾಯಿಲೆಯನ್ನು ಹದ್ದುಬಸ್ತಿನಲ್ಲಿಟ್ಟು, ಕುಡಿತ ಬಿಟ್ಟರೆ ಕೊಬ್ಬು ಕೂಡಿದ ಯಕೃತ್ತು ಹಿಂದಿನ ಸ್ಥಿತಿಗೆ ಮರಳಬಲ್ಲದು. ಸಿರೋಸಿಸ್ ಹಾಗೆ ಮರಳುವುದು ದುರ್ಲಭ. ಕಡೆಯಲ್ಲಿ ‘ಇಂಪ್ರೆಷನ್’ ಎಂಬ ಶೀರ್ಷಿಕೆಯ ಕೆಳಗೆ ಎರಡು ಮೂರು ಸಾಲುಗಳಿರುತ್ತವೆ; ಸಮಯವಿಲ್ಲದವರು ಅದನ್ನಷ್ಟೇ ಓದಿದರೂ ನಡೆದೀತು.

ಇಷ್ಟರಲ್ಲಿ ‘ಗ್ಯಾಸ್ಟ್ರೋಎಂಟರೈಟಿಸ್’ ಎಂಬ ಉದ್ದನೆಯ ಶಬ್ದವನ್ನು ವಾಚಕರು ತಾವೇ ವಿಗ್ರಹಿಸಬಲ್ಲರು: ಜಠರ ಮತ್ತು ಕರುಳುಗಳ ಉರಿಯೂತ, ಅಂದರೆ ವಾಂತಿಭೇದಿ. ಚೀಟಿಯಲ್ಲಿ ‘ಎ.ಜಿ.ಇ.’ ಎಂದು ಮೂರೇ ಅಕ್ಷರಗಳಲ್ಲಿ ಬರೆಯುವುದೂ ಇದನ್ನೇ, ಮೊದಲಿನ ‘ಎ’ ಎಂದರೆ ‘ಅಕ್ಯೂಟ್’, ತಟ್ಟನೆ ಎದ್ದದ್ದು. ಈ ಶಬ್ದದ ಭಾರವೇನೆಂಬುದನ್ನು ಹಡಗಲಿ ತಾಲ್ಲೂಕಿನ ಮಕರಬ್ಬಿ ಗ್ರಾಮದವರು ಬಲ್ಲರು. 2021ರಲ್ಲಿ ಅಲ್ಲಿ ಕಲುಷಿತ ನೀರು ಕುಡಿದು ವಾಂತಿಭೇದಿ ಹಬ್ಬಿ ಆರು ಮಂದಿ ಅಸುನೀಗಿದರು, ಬಹಳ ಮಂದಿ ಆಸ್ಪತ್ರೆ ಸೇರಿದರು. ವಾಂತಿಭೇದಿಯಲ್ಲಿ ಜೀವ ತೆಗೆಯುವುದು ಬಹುಮಟ್ಟಿಗೆ ಕ್ರಿಮಿಯಲ್ಲ, ಒಡಲಿನಿಂದ ಸೋರಿಹೋಗುವ ನೀರು ಮತ್ತು ಲವಣ. ಅದನ್ನೇ ‘ಡಿಹೈಡ್ರೇಷನ್’ ಎನ್ನುವರು, ‘ಡಿ’ ಎಂದರೆ ಕಳೆಯುವುದು, ‘ಹೈಡ್ರೋ’ ಎಂದರೆ ನೀರು. ನಾಲಗೆ ಒಣಗುವುದು, ಕಣ್ಣು ಗುಳಿಬೀಳುವುದು, ಮೂತ್ರ ಕಡಮೆಯಾಗುವುದು, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟರೆ ಮಡಿಕೆ ಮೆಲ್ಲಗೆ ಇಳಿಯುವುದು ಇದರ ಲಕ್ಷಣಗಳು. ಮಗು ಮಂಕಾಗಿ ಕುಡಿಯಲಾರದೆ ಬಿದ್ದಿದ್ದರೆ ‘ಸಿವಿಯರ್’, ಆಗ ಮನೆಯ ಉಪಚಾರ ಸಲ್ಲದು, ಸಲೈನ್ ಬೇಕು.

ಅಷ್ಟು ಮುಂದುವರಿಯದ ಹಂತದಲ್ಲಿ ‘ಓ.ಆರ್.ಎಸ್.’ ಎಂಬ ಪುಡಿಗಿಂತ ಮಿಗಿಲಾದ ಔಷಧವಿಲ್ಲ. 1971ರ ಯುದ್ಧಕಾಲದಲ್ಲಿ ಬಂಗಾಳದ ಗಡಿಯ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಸೀಸೆಗಳು ಸಾಲದಾದಾಗ, ಡಾ. ದಿಲೀಪ್ ಮಹಲನಬಿಸ್ ಅವರು ಉಪ್ಪು-ಗ್ಲೂಕೋಸುಗಳ ನೀರನ್ನು ಬಾಯಿಂದಲೇ ಕುಡಿಸಿ ಸಾವಿರಾರು ಜೀವಗಳನ್ನು ಉಳಿಸಿ ತೋರಿಸಿದರು. ಪೊಟ್ಟಣದ ಮೇಲಿನ ಅಳತೆಯನ್ನು ಓದತಕ್ಕದ್ದು: ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ, ಚಿಕ್ಕದು 200 ಮಿಲಿಲೀಟರಿಗೆ. ದೊಡ್ಡ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದು ಕೂಸಿಗೆ ಕುಡಿಸಿದರೆ ಲವಣ ಮಿತಿಮೀರಿ ಕೇಡಾಗುತ್ತದೆ. ಪೊಟ್ಟಣ ಸಿಗದ ಸರಿರಾತ್ರಿಯಲ್ಲಿ ಒಂದು ಲೀಟರ್ ಕಾಯಿಸಿ ಆರಿಸಿದ ನೀರಿಗೆ ಆರು ಸಮಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಬಹುದು; ಚಮಚವೆಂದರೆ ಚಹದ ಚಮಚ. ಮಕ್ಕಳಿಗೆ ಇದರೊಡನೆ ‘ಜಿಂಕ್’ ಗುಳಿಗೆಯನ್ನು ಹದಿನಾಲ್ಕು ದಿನ ಕೊಡಲು ಹೇಳುವರು. ಭೇದಿ ನಿಂತಿತೆಂದು ನಡುವೆ ಬಿಡಬಾರದು. ಕೊಟ್ಟೂರಿನ ತೇರಿಗೂ ಮೈಲಾರದ ಕಾರಣಿಕಕ್ಕೂ ಕಾಲ್ನಡಿಗೆಯಲ್ಲಿ ಹೋಗುವವರು ಬುತ್ತಿಯ ಜೊತೆಗೆ ನಾಲ್ಕು ಪೊಟ್ಟಣ ಕಟ್ಟಿಕೊಂಡರೆ ಭಾರವೇನೂ ಆಗದು.

ಕಾಮಾಲೆಯ ವಿಚಾರಕ್ಕೆ ಬಂದರೆ, ನಮ್ಮ ಕಡೆ ಕಾಮಣಿಯೆಂದೂ ಅರಿಶಿನ ಕಾಮಾಲೆಯೆಂದೂ ಕರೆಯುವ ಇದು ವಾಸ್ತವವಾಗಿ ಒಂದು ರೋಗವಲ್ಲ, ಹಲವು ರೋಗಗಳ ಒಂದು ಲಕ್ಷಣ. ಕಾಗದದಲ್ಲಿ ಇದು ‘ಜಾಂಡಿಸ್’ ಅಥವಾ ‘ಇಕ್ಟರಸ್’. ಅಳೆಯುವ ವಸ್ತು ‘ಬಿಲಿರುಬಿನ್’, ಆರೋಗ್ಯವಂತರಲ್ಲಿ ನೂರು ಮಿಲಿಲೀಟರ್ ರಕ್ತಕ್ಕೆ ಸುಮಾರು ಒಂದು ಮಿಲಿಗ್ರಾಮಿನೊಳಗೆ ಇರತಕ್ಕದ್ದು. ‘ಎಲ್.ಎಫ್.ಟಿ.’ ಎಂಬ ಯಕೃತ್ತಿನ ಪರೀಕ್ಷೆಯ ಹಾಳೆಯಲ್ಲಿ ಇದರ ಜೊತೆಗೆ ಬರುವ ‘ಎಸ್.ಜಿ.ಓ.ಟಿ.’, ‘ಎಸ್.ಜಿ.ಪಿ.ಟಿ.’ಗಳು ಯಕೃತ್ತಿನ ಜೀವಕೋಶಗಳು ಘಾಸಿಗೊಂಡಾಗ ರಕ್ತಕ್ಕೆ ಸೋರುವ ಕಿಣ್ವಗಳು. ನೀರಿನಿಂದ ಹರಡುವ ಹೆಪಟೈಟಿಸ್ ‘ಎ’ ಬಹುಪಾಲು ತಾನಾಗಿಯೇ ಕೆಲವು ವಾರಗಳಲ್ಲಿ ಇಳಿಯುತ್ತದೆ. ಆ ಅವಧಿಯಲ್ಲಿ ಯಾವ ಬೇರನ್ನು ಅರೆದು ಕುಡಿದರೂ ಗುಣವಾದ ಕೀರ್ತಿ ಬೇರಿಗೆ ಸಲ್ಲುತ್ತದೆ. ನಾಟಿ ಔಷಧ ಕೊಡುವವರ ಸದುದ್ದೇಶವನ್ನು ನಾನು ಶಂಕಿಸುವುದಿಲ್ಲ. ಆದರೆ ಅದೇ ಅರಿಶಿನ ಬಣ್ಣ ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡುದರಿಂದಲೋ ಗಡ್ಡೆಯಿಂದಲೋ ಬಂದಿದ್ದರೆ, ಪಥ್ಯದಲ್ಲಿ ಕಳೆದ ಒಂದೊಂದು ವಾರವೂ ನಷ್ಟ. ಮೈಯೆಲ್ಲ ತುರಿಕೆ, ಮಲ ಸುಣ್ಣದಂತೆ ಬೆಳ್ಳಗೆ, ಮೂತ್ರ ಕಡುಹಳದಿ ಇವು ಮೂರೂ ಕೂಡಿದರೆ ‘ಅಬ್‌ಸ್ಟ್ರಕ್ಟಿವ್’ ಎಂಬ ಅಡ್ಡಿಯ ಕಾಮಾಲೆಯ ಶಂಕೆ, ಸ್ಕ್ಯಾನಿಂಗ್ ಅನಿವಾರ್ಯ. ಹೆಪಟೈಟಿಸ್ ‘ಇ’ಯೂ ನೀರಿನಿಂದಲೇ ಬರತಕ್ಕದ್ದು, ಬಸುರಿಯರಿಗೆ ಅದು ಪ್ರಾಣಾಂತಿಕವಾಗಬಲ್ಲುದು, ‘ಬಿ’, ‘ಸಿ’ಗಳು ರಕ್ತದಿಂದ ಹರಡತಕ್ಕವು, ಇವುಗಳಲ್ಲಿ ‘ಬಿ’ಯನ್ನು ತಡೆಯಲು, ಹುಟ್ಟಿದ ಕೂಸಿಗೆ ಆಸ್ಪತ್ರೆಯಲ್ಲಿಯೇ ಹಾಕುವ ಲಸಿಕೆಯುಂಟು.

ರಕ್ತದ ಬಗ್ಗೆ ಸಂಕ್ಷೇಪವಾಗಿ ಹೇಳುತ್ತೇನೆ. ‘ಹೆಮಟೆಮೆಸಿಸ್’ ಎಂದರೆ ರಕ್ತವಾಂತಿ. ‘ಮೆಲೀನಾ’ ಎಂದರೆ ಡಾಂಬರಿನಂತೆ ಕಪ್ಪಾಗಿ, ಅಂಟಾಗಿ, ಕೆಟ್ಟ ನಾತದಿಂದ ಕೂಡಿದ ಮಲ. ಜಠರದಲ್ಲಿಯೋ ಡ್ಯುಯೊಡಿನಂನಲ್ಲಿಯೋ ಸೋರಿದ ರಕ್ತ ಕರುಳಿನ ಉದ್ದಕ್ಕೂ ಬಂದು ಕಪ್ಪಾಗಿದೆಯೆಂಬ ಸೂಚನೆ. ಕಬ್ಬಿಣಾಂಶದ ಗುಳಿಗೆ ನುಂಗುವ ಬಸುರಿಯರಿಗೂ ಮಲ ಕಪ್ಪಾಗುವುದರಿಂದ ಅದನ್ನು ತಪ್ಪದೆ ವೈದ್ಯರಿಗೆ ತಿಳಿಸಬೇಕು. ಕೆಂಪು ರಕ್ತ ಕಂಡರೆ ‘ಮೂಲವ್ಯಾಧಿ’ ಎಂದು ಎಲ್ಲರೂ ಒಮ್ಮೆಗೇ ನಿರ್ಣಯಿಸಿಬಿಡುತ್ತಾರೆ. ಮೂಲವ್ಯಾಧಿಯೇ ಇರಬಹುದು, ಗುದದ ಬಿರುಕಾದ ‘ಫಿಷರ್’ ಇರಬಹುದು, ಆದರೆ ನಲವತ್ತೈದು ದಾಟಿದವರಲ್ಲಿ ಮಲಪ್ರವೃತ್ತಿಯ ಕ್ರಮವೇ ಬದಲಾಗಿ ತೂಕವೂ ಇಳಿಯುತ್ತಿದ್ದರೆ ದೊಡ್ಡ ಕರುಳಿನ ಅರ್ಬುದವಿಲ್ಲವೆಂದು ಕೊಲೊನೋಸ್ಕೋಪಿಯಿಂದ ಖಚಿತಪಡಿಸಿಕೊಂಡ ಮೇಲೆಯೇ ‘ಗ್ಯಾರಂಟಿ ಚಿಕಿತ್ಸೆ’ಯ ಗೋಡೆಬರಹಗಳನ್ನು ಓದುವುದು ಕ್ಷೇಮ.

ಹುಣ್ಣಿನ ವಿಚಾರದಲ್ಲಿ ನಮ್ಮ ಮಂಡಕ್ಕಿ-ಮಿರ್ಚಿಯ ಮೇಲೆ ಬಂದಿರುವ ಅಪವಾದವನ್ನು ಸ್ವಲ್ಪ ಪರಿಹರಿಸುವುದು ನ್ಯಾಯ. ‘ಪೆಪ್ಟಿಕ್ ಅಲ್ಸರ್’, ಅಂದರೆ ಜಠರ ಅಥವಾ ಡ್ಯುಯೊಡಿನಂನ ಹುಣ್ಣು, ಖಾರದಿಂದಲೂ ಚಿಂತೆಯಿಂದಲೂ ಆಗುವುದೆಂದು ವೈದ್ಯರೇ ಬಹುಕಾಲ ನಂಬಿದ್ದರು. 1982ರಲ್ಲಿ ಆಸ್ಟ್ರೇಲಿಯದ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಎಂಬ ವೈದ್ಯರು ‘ಹೆಲಿಕೋಬ್ಯಾಕ್ಟರ್ ಪೈಲೋರಿ’ ಎಂಬ ಸುರುಳಿ ಕ್ರಿಮಿಯನ್ನು ಜಠರದಲ್ಲಿ ಕಂಡುಹಿಡಿದರು. ಯಾರೂ ನಂಬದಿರಲು ಮಾರ್ಷಲ್ ಆ ಕ್ರಿಮಿಗಳ ದ್ರವವನ್ನು ತಾವೇ ಕುಡಿದು ಗ್ಯಾಸ್ಟ್ರೈಟಿಸ್ ಬರಿಸಿಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಪಾರಿತೋಷಕ ಬಂದಿತು. ಹುಣ್ಣಿಗೆ ಮುಖ್ಯ ಕಾರಣಗಳು ಎರಡೇ: ಈ ಕ್ರಿಮಿ, ಮತ್ತು ಡೈಕ್ಲೋಫೆನ್ಯಾಕ್ ಮೊದಲಾದ ನೋವಿನ ಗುಳಿಗೆಗಳು. ಖಾರ ಇದ್ದ ಹುಣ್ಣನ್ನು ಉರಿಸೀತು, ಇಲ್ಲದ ಹುಣ್ಣನ್ನು ಹುಟ್ಟಿಸದು. ಆದರೆ ಮೊಣಕಾಲು ನೋವಿಗೆಂದು ಅಂಗಡಿಯಲ್ಲಿ ಬಿಡಿಯಾಗಿ ತಂದು ತಿಂಗಳುಗಟ್ಟಲೆ ನುಂಗುವ ಗುಳಿಗೆ ಹುಟ್ಟಿಸುತ್ತದೆ. ಅದಕ್ಕೆ ಜೊತೆಯಾಗಿ ‘ಗ್ಯಾಸಿನ ಗುಳಿಗೆ’ಯೆಂದು ಕೊಡುವ ಪ್ಯಾಂಟೊಪ್ರಜೋಲ್ ಗಾಳಿಯನ್ನು ಹೊರಹಾಕುವ ಗುಳಿಗೆಯೇ ಅಲ್ಲ, ಅದು ಜಠರದ ಆಮ್ಲವನ್ನು ತಗ್ಗಿಸತಕ್ಕದ್ದು, ಊಟಕ್ಕೆ ಅರ್ಧ ಗಂಟೆ ಮುಂಚೆ ಬರಿಹೊಟ್ಟೆಯಲ್ಲಿ ನುಂಗಿದರೆ ಮಾತ್ರ ಚೆನ್ನಾಗಿ ಕೆಲಸಮಾಡತಕ್ಕದ್ದು.

ಚೀಟಿಯಲ್ಲಿ ಆ ‘ಊಟಕ್ಕೆ ಮುಂಚೆ’ಯನ್ನು ‘ಎ.ಸಿ.’ ಎಂದೂ, ಊಟದ ಮೇಲೆ ಎಂಬುದನ್ನು ‘ಪಿ.ಸಿ.’ ಎಂದೂ ಬರೆಯುವರು. ‘ಓ.ಡಿ.’ ದಿನಕ್ಕೊಂದು, ‘ಬಿ.ಡಿ.’ ಎರಡು ಸಲ, ‘ಟಿ.ಡಿ.ಎಸ್.’ ಮೂರು ಸಲ, ‘ಎಚ್.ಎಸ್.’ ಮಲಗುವಾಗ, ‘ಎಸ್.ಓ.ಎಸ್.’ ಬೇಕಾದಾಗ ಮಾತ್ರ. 1-0-1 ಎಂದಿದ್ದರೆ ಬೆಳಿಗ್ಗೆ ಒಂದು, ರಾತ್ರಿ ಒಂದು. ‘ಎನ್.ಪಿ.ಓ.’ ಎಂದರೆ ಬಾಯಿಂದ ಏನನ್ನೂ ಕೊಡಕೂಡದು. ಶಸ್ತ್ರಕ್ರಿಯೆಯ ಹಿಂದಿನ ರಾತ್ರಿ ಕರುಣೆಯಿಂದ ಗಂಜಿ ಕುಡಿಸುವ ಅಜ್ಜಿಯರಿಗೆ ಇದೊಂದನ್ನು ಮೊದಲೇ ತಿಳಿಸಿಡಬೇಕು.

ಕೊನೆಗೆ ‘ಗ್ಯಾಸ್’. ನಮ್ಮ ಐದು ತಾಲ್ಲೂಕುಗಳಲ್ಲಿ ಎದೆಯಿಂದ ಹೊಕ್ಕುಳಿನವರೆಗಿನ ಯಾವ ತೊಂದರೆಗೂ ಈಗ ಇದೊಂದೇ ಹೆಸರು. ಕಡಿತವೂ ಗ್ಯಾಸು, ಉರಿಯೂ ಗ್ಯಾಸು, ಬೆನ್ನಿನ ಹಿಡಿತವೂ ಗ್ಯಾಸು. ಮೇಲೆ ಹೇಳಿದ ಗ್ರೀಕ್, ಲ್ಯಾಟಿನ್ ಶಬ್ದಗಳನ್ನೆಲ್ಲ ಮರೆತರೂ ಅಪಾಯವಿಲ್ಲ. ಈ ಒಂದು ಶಬ್ದವನ್ನು ರೋಗಿ ಆಡುವುದರಲ್ಲಿ ಅಪಾಯವುಂಟು. ಏಕೆಂದರೆ ಹೃದಯದ ಕೆಳಭಾಗಕ್ಕೆ ರಕ್ತ ನಿಂತಾಗ ಆ ನೋವು ಎದೆಗೂಡಿನ ಕುಳಿಯಲ್ಲಿ, ಜಠರವಿರುವ ಜಾಗದಲ್ಲಿಯೇ, ಅಜೀರ್ಣದ ವೇಷದಲ್ಲಿ ಕಾಣಿಸಿಕೊಳ್ಳುವುದುಂಟು. ಸಕ್ಕರೆ ಕಾಯಿಲೆಯವರಲ್ಲಿಯೂ ಹೆಂಗಸರಲ್ಲಿಯೂ ಇದು ಇನ್ನೂ ಹೆಚ್ಚು. ಓಂಕಾಳು ಜಗಿದು, ಸೋಡಾ ಕುಡಿದು, ತೇಗು ಬಂದರೆ ಸರಿಹೋದೀತೆಂದು ಕಾದ ಎರಡು ಗಂಟೆಗಳಲ್ಲಿ ಹೃದಯದ ಸ್ನಾಯು ಸಾಯುತ್ತಿರುತ್ತದೆ. ಆದುದರಿಂದ ಎದೆಯ ಅಥವಾ ಮೇಲ್ಹೊಟ್ಟೆಯ ಉರಿಯೋ ಭಾರವೋ ತಣ್ಣನೆಯ ಬೆವರಿನೊಡನೆ ಬಂದರೆ, ದವಡೆಗೋ ಎಡತೋಳಿಗೋ ಹಬ್ಬಿದರೆ, ಉಸಿರು ಕಟ್ಟಿದಂತಾದರೆ, ಗ್ಯಾಸೆಂದು ಹೇಳದೆ, ಕಾಯದೆ 108ಕ್ಕೆ ಕರೆಮಾಡಿ. ಹತ್ತಿರದ ಆಸ್ಪತ್ರೆಯಲ್ಲಿ ಮೊದಲು ಒಂದು ಇ.ಸಿ.ಜಿ. ತೆಗೆಸಿ. ಅದಕ್ಕೆ ಬೇಕಾಗುವುದು ಐದು ನಿಮಿಷ.